ಮುಖಪುಟಕ್ಕೆ ಎಷ್ಟು ಸುದ್ದಿ: ಕನ್ನಡ ದಿನಪತ್ರಿಕೆಯ ಮೊದಲ ಪುಟ ಬದಲಾದ ಬಗೆ

ಕನ್ನಡ ದಿನಪತ್ರಿಕೆಯ ಮುಖಪುಟದಲ್ಲಿ ಎಷ್ಟು ಸುದ್ದಿ ಇರಬೇಕು, ಒಂದೊಂದು ಸುದ್ದಿಯೂ ಅಲ್ಲಿಯೇ ಮುಗಿಯಬೇಕೋ ಅಥವಾ ನಾಲ್ಕು ಪ್ಯಾರಾ ಕೊಟ್ಟು ಉಳಿದದ್ದನ್ನು ಒಳಪುಟಕ್ಕೆ ಸಾಗಹಾಕಬೇಕೋ ಎಂಬುದು ಮೇಲ್ನೋಟಕ್ಕೆ ಸಂಪಾದಕರ ಅಭಿರುಚಿಗೆ ಬಿಟ್ಟ ವಿಷಯದಂತೆ ತೋರುತ್ತದೆ. ಆದರೆ ಕಳೆದ ಐದಾರು ದಶಕಗಳ ಪುಟಗಳನ್ನು ಸಾಲಾಗಿ ಹರಡಿ ನೋಡಿದರೆ, ಆ ತೀರ್ಮಾನದಲ್ಲಿ ಸೀಸದ ಮೊಳೆಗಳಿಗೆ, ಕಾಗದದ ಕೋಟಾಕ್ಕೆ, ರಾತ್ರಿ ಬಸ್ಸು ಹೊರಡುವ ವೇಳೆಗೆ ಮತ್ತು ಜಾಹೀರಾತು ವಿಭಾಗಕ್ಕೆ ಇದ್ದಷ್ಟು ಪಾಲು ಸಂಪಾದಕರಿಗೆ ಇರಲಿಲ್ಲವೆಂದೇ ಹೇಳಬೇಕಾಗುತ್ತದೆ. ಮೊಳೆ ಜೋಡಿಸುವ ಕಾಲದಲ್ಲಿ ಡೆಸ್ಕಿಗೆ ಸೇರಿ, ಕಂಪ್ಯೂಟರ್ ಬಂದ ಮೇಲೂ ಅಲ್ಲಿಯೇ ಉಳಿದು ನಿವೃತ್ತರಾದ ಒಂದು ತಲೆಮಾರು ಈ ಬದಲಾವಣೆಯನ್ನು ಆದ್ಯಂತ ಕಂಡಿದೆ. ಇಲ್ಲಿರುವುದು ಬಹುಮಟ್ಟಿಗೆ ಆ ತಲೆಮಾರಿನ ಕಣ್ಣಿಗೆ ಬಿದ್ದ ಸಂಗತಿ.

ಮೊದಲ ಪುಟವೆಂದರೆ ಸುದ್ದಿಯ ಪುಟ ಎಂಬ ತಿಳಿವಳಿಕೆಯೇ ಅಷ್ಟೊಂದು ಹಳೆಯದಲ್ಲ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ನಾಲ್ಕು ಪುಟಗಳ ಪಾಕ್ಷಿಕವಾಗಿದ್ದು, ಪುಸ್ತಕದ ಹಾಗೆ ಮೊದಲಿನಿಂದ ಕೊನೆಯವರೆಗೆ ಓದಿಕೊಂಡು ಹೋಗುವ ಪತ್ರಿಕೆಯಾಗಿತ್ತು. ಮದರಾಸಿನ ‘ದಿ ಹಿಂದೂ’ 1958ರವರೆಗೂ, ಲಂಡನ್ನಿನ ‘ದಿ ಟೈಮ್ಸ್’ 1966ರವರೆಗೂ ತಮ್ಮ ಮೊದಲ ಪುಟವನ್ನು ಜಾಹೀರಾತಿಗೆ ಬಿಟ್ಟುಕೊಟ್ಟು ಸುದ್ದಿಯನ್ನು ಒಳಗೆ ಇಡುತ್ತಿದ್ದವು. 1948ರಲ್ಲಿ ಹುಟ್ಟಿದ ಪ್ರಜಾವಾಣಿ, 1967ರ ಕನ್ನಡಪ್ರಭ, 1970ರ ಉದಯವಾಣಿ ಇವು ಬೆಳೆದು ನಿಂತ ಹೊತ್ತಿಗೆ ಮಾತ್ರ ಮುಖಪುಟ ಸುದ್ದಿಯ ಸ್ವತ್ತು ಎಂಬುದು ಯಾರೂ ಪ್ರಶ್ನಿಸದ ಮಾತಾಗಿತ್ತು. ಆ ಮಾತು ಎಷ್ಟು ಕಾಲ ಬಾಳಿತು ಎಂಬುದನ್ನು ಮುಂದೆ ನೋಡಬಹುದು.

ದಿನಪತ್ರಿಕೆಯ ಪುಟವನ್ನು ಉದ್ದುದ್ದವಾಗಿ ಎಂಟು ಪಟ್ಟಿಗಳಾಗಿ ವಿಂಗಡಿಸುವುದು ರೂಢಿ. ಒಂದೊಂದು ಪಟ್ಟಿಗೂ ಕಾಲಂ ಎಂದು ಹೆಸರು. ಕಾಲಮ್ಮಿನ ಉದ್ದ ಸುಮಾರು ಅರ್ಧ ಮೀಟರ್ ಇರುವುದರಿಂದ ಪೂರ್ತಿ ಪುಟದಲ್ಲಿ ನಾನೂರಕ್ಕೂ ಸ್ವಲ್ಪ ಹೆಚ್ಚು ಕಾಲಂ ಸೆಂಟಿಮೀಟರ್, ಅಂದರೆ ಒಂದು ಕಾಲಂ ಅಗಲ ಮತ್ತು ಒಂದು ಸೆಂಟಿಮೀಟರ್ ಎತ್ತರದ ತುಣುಕುಗಳು, ಸಿಗುತ್ತವೆ. ಇದರಲ್ಲಿ ಪತ್ರಿಕೆಯ ಹೆಸರು, ಹೆಸರಿನ ಎಡಬಲದ ಚೌಕಗಳು ಮತ್ತು ಕೆಳಮೂಲೆಯ ಜಾಹೀರಾತುಗಳನ್ನು ಕಳೆದು ಉಳಿದದ್ದೇ ಸುದ್ದಿ ಸಂಪಾದಕರ ಆಸ್ತಿ. ಅತಿ ಮುಖ್ಯ ಸುದ್ದಿಗೆ ಲೀಡ್ ಎಂದೂ, ಪುಟದ ತಳದಲ್ಲಿ ಹಲವು ಕಾಲಂ ಅಗಲಕ್ಕೆ ಹಬ್ಬಿ ಕೂರುವ, ಅವಸರವಿಲ್ಲದ ವಿಶೇಷ ಬರಹಕ್ಕೆ ಆಂಕರ್ ಎಂದೂ ಹೆಸರಿದ್ದು, ಇವೆರಡರ ನಡುವೆ ಒಂದು ಕಾಲಮ್ಮಿನ ಸಣ್ಣ ಸುದ್ದಿಗಳು ಸೇರಿಕೊಳ್ಳುತ್ತಿದ್ದವು. ಹಳೆಯ ಪುಟಗಳಲ್ಲಿ ಹತ್ತು ಹದಿನೈದು ಸುದ್ದಿಗಳು ಕಾಣಿಸುವುದು ಸಾಮಾನ್ಯ. ಇಂದಿನ ಪುಟದಲ್ಲಿ ಅದರ ಅರ್ಧ ಸಿಕ್ಕಿದರೂ ಹೆಚ್ಚು.

ಅಷ್ಟೊಂದು ಸುದ್ದಿ ಅಲ್ಲಿ ಹೇಗೆ ಹಿಡಿಸುತ್ತಿತ್ತು ಎಂಬುದು ಅರ್ಥವಾಗಬೇಕಾದರೆ ಪುಟ ಕಟ್ಟುತ್ತಿದ್ದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕಂಪೋಸಿಟರು ಮೊಳೆಗಳನ್ನು ಖಾನೆಗಳಿಂದ ಒಂದೊಂದಾಗಿ ಆರಿಸಿ ಸ್ಟಿಕ್ ಎಂಬ ಕೈಹಿಡಿಯ ತಟ್ಟೆಯಲ್ಲಿ ಸಾಲಾಗಿ ಕೂರಿಸಿ, ಸಾಲುಗಳನ್ನು ಗ್ಯಾಲಿ ಎಂಬ ಉದ್ದನೆಯ ತಟ್ಟೆಗೆ ಇಳಿಸಿ ದಾರ ಸುತ್ತಿ ಕಟ್ಟಿಡುತ್ತಿದ್ದರು. ಗ್ಯಾಲಿಗಳೆಲ್ಲ ಕೊನೆಗೆ ಬಂದು ಸೇರುತ್ತಿದ್ದ ಸಮತಟ್ಟಾದ ಮೇಜಿಗೆ, ಅದರ ಮೇಲ್ಮೈ ಲೋಹದ್ದಾಗಿದ್ದರೂ, ಕಲ್ಲು ಎಂದೇ ಹೆಸರು. ಕಲ್ಲಿನ ಒಂದು ಬದಿಯಲ್ಲಿ ಫೋರ್‌ಮನ್, ಇನ್ನೊಂದು ಬದಿಯಲ್ಲಿ ರಾತ್ರಿ ಪಾಳಿಯ ಉಪಸಂಪಾದಕ ನಿಂತು, ತಲೆಕೆಳಗಾಗಿ ಕನ್ನಡಿಯ ಬಿಂಬದಂತಿರುವ ಅಕ್ಷರಗಳನ್ನು ಸಲೀಸಾಗಿ ಓದಿಕೊಳ್ಳುತ್ತ ಪುಟ ಕಟ್ಟುತ್ತಿದ್ದರು. ಸುದ್ದಿ ಆರು ಸಾಲು ಹೆಚ್ಚಾದರೆ ಚೌಕಟ್ಟಿನ ತಿರುಪು ಬಿಗಿಯುವಂತಿರಲಿಲ್ಲ, ಆರು ಸಾಲು ಕಡಿಮೆಯಾದರೆ ಪುಟ ಸಡಿಲವಾಗಿ ಮೊಳೆಗಳು ಜಾರುತ್ತಿದ್ದವು. ಕಡಿಮೆಯಾದಾಗ ಸಾಲುಗಳ ನಡುವೆ ಸೀಸದ ತೆಳು ಪಟ್ಟಿ ತೂರಿಸಬಹುದಾಗಿತ್ತು. ಹೆಚ್ಚಾದಾಗ ಫೋರ್‌ಮನ್ ಕೊನೆಯ ಪ್ಯಾರಾದ ಮೇಲೆ ಬೆರಳಿಟ್ಟು ಉಪಸಂಪಾದಕರ ಮುಖ ನೋಡುತ್ತಿದ್ದರು, ಅವರು ತಲೆಯಾಡಿಸಿದರೆ ಆ ಸಾಲುಗಳು ಮೇಜಿನಿಂದ ಎದ್ದು ಮತ್ತೆ ಖಾನೆಗೆ ಹೋಗುತ್ತಿದ್ದವು. ಮುಖ್ಯವಾದದ್ದನ್ನು ಮೊದಲ ಪ್ಯಾರಾದಲ್ಲಿ ಹೇಳಿ ಕಡಿಮೆ ಮುಖ್ಯವಾದದ್ದನ್ನು ಕೊನೆಗೆ ಬಿಡಬೇಕು ಎಂದು ಪತ್ರಿಕೋದ್ಯಮದ ತರಗತಿಗಳಲ್ಲಿ ಇಂದಿಗೂ ಕಲಿಸುವ ನಿಯಮವನ್ನು ಆ ಕಲ್ಲಿನ ಮುಂದೆ ನಿಂತವರಿಗೆ ಯಾರೂ ಪಾಠ ಮಾಡಿ ಹೇಳಬೇಕಾಗಿರಲಿಲ್ಲ.

ಕನ್ನಡ ಲಿಪಿ ಈ ಕೆಲಸಕ್ಕೆ ತನ್ನದೇ ಆದ ತೊಡಕುಗಳನ್ನು ಸೇರಿಸಿತ್ತು. ಇಂಗ್ಲಿಷಿನ ಸಾಲು ಸಾಲಿಗೆ ಅಂಟಿಕೊಂಡು ಕೂರಬಲ್ಲದು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನಿಂದ ಕೆಳಗಿಳಿಯುತ್ತವೆ, ‘ರಾಷ್ಟ್ರ’ದಂಥ ಪದದಲ್ಲಿ ಒಂದು ಅಕ್ಷರಕ್ಕೆ ಎರಡು ಒತ್ತುಗಳು ಜೋತುಬೀಳುತ್ತವೆ, ಆದ್ದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬಿಡದೆ ವಿಧಿಯಿಲ್ಲ. ಅಷ್ಟೇ ಎತ್ತರದ ಕಾಲಮ್ಮಿನಲ್ಲಿ ಕನ್ನಡ ಪತ್ರಿಕೆಗೆ ಇಂಗ್ಲಿಷ್ ಪತ್ರಿಕೆಗಿಂತ ಕಡಿಮೆ ಸಾಲು ಸಿಗುತ್ತಿತ್ತು. ಶೀರ್ಷಿಕೆಯ ಕಷ್ಟ ಇನ್ನೊಂದು ಬಗೆಯದು. ದೊಡ್ಡ ಅಳತೆಯ ಮೊಳೆಗಳು ಪ್ರೆಸ್ಸಿನಲ್ಲಿ ಬೆರಳೆಣಿಕೆಯಷ್ಟೇ ಇರುತ್ತಿದ್ದು, ಮೇಲಿನ ಶೀರ್ಷಿಕೆಯಲ್ಲಿ ಬಳಸಿದ ಅಕ್ಷರ ಕೆಳಗಿನ ಶೀರ್ಷಿಕೆಗೆ ಸಾಲದೆ ಬಂದಾಗ, ಫೋರ್‌ಮನ್ ನೇರವಾಗಿ ಡೆಸ್ಕಿಗೆ ಬಂದು ಬೇರೆ ಪದ ಕೊಡಿ ಎಂದು ಕೇಳುವುದೂ ಇತ್ತು. ಮರುದಿನದ ಓದುಗನಿಗೆ ಬಹಳ ಯೋಚಿಸಿ ಆರಿಸಿದ್ದೆಂದು ತೋರಿದ ಪದ ಎಷ್ಟೋ ಸಲ ಹೀಗೆ ಬಂದದ್ದು. ಒಂದು ಕಾಲಮ್ಮಿನ ಅಗಲದಲ್ಲಿ ‘ಮುಖ್ಯಮಂತ್ರಿ’ ಎಂಬ ಪದವೇ ಸಾಲನ್ನು ತುಂಬಿಬಿಡುವುದರಿಂದ ‘ಸಿಎಂ’ ಬಂತು. ‘ಬಿಎಸ್‌ವೈ’, ‘ಎಚ್‌ಡಿಕೆ’, ‘ಡಿಕೆಶಿ’ಗಳು ಬಳಕೆಗೆ ಬಂದದ್ದಕ್ಕೂ ಜಾಗದ ಇಕ್ಕಟ್ಟೇ ದೊಡ್ಡ ಕಾರಣ.

ಪುಟವನ್ನು ಇಡುಕಿ ತುಂಬುವ ಅಭ್ಯಾಸಕ್ಕೆ ಪ್ರೆಸ್ಸಿನ ಹೊರಗಿನ ಕಾರಣವೂ ಇತ್ತು. ಸುದ್ದಿ ಪತ್ರಿಕೆ ಅಚ್ಚಾಗುವ ಅಗ್ಗದ ಕಾಗದ, ಅಂದರೆ ನ್ಯೂಸ್‌ಪ್ರಿಂಟ್, ಹೆಚ್ಚಿನ ಪಾಲು ವಿದೇಶದಿಂದ ಬರಬೇಕಾಗಿದ್ದು, ವಿದೇಶಿ ವಿನಿಮಯದ ಕೊರತೆಯಿಂದ ಕೇಂದ್ರ ಸರ್ಕಾರ ಅದನ್ನು ಕೋಟಾ ಮೇಲೆ ಹಂಚುತ್ತಿತ್ತು. ಪುಟಗಳ ಸಂಖ್ಯೆಗೆ ತಕ್ಕಂತೆ ಬೆಲೆ ನಿಗದಿ ಮಾಡುವ 1956ರ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಸಕಾಳ್ ಪತ್ರಿಕೆಯ ಪ್ರಕರಣದಲ್ಲಿ ತಳ್ಳಿಹಾಕಿತ್ತಾದರೂ, 1972-73ರ ನ್ಯೂಸ್‌ಪ್ರಿಂಟ್ ನೀತಿ ಮತ್ತೆ ಹತ್ತು ಪುಟಗಳ ಮಿತಿ ಹೇರಿತು. ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ 1972ರ ಅಕ್ಟೋಬರಿನಲ್ಲಿ ಅದೂ ಬಿದ್ದುಹೋಯಿತು. ನ್ಯಾಯಾಲಯ ಮಿತಿಯನ್ನು ತೆಗೆದರೂ ಕಾಗದ ಆಕಾಶದಿಂದ ಉದುರುವುದಿಲ್ಲವಷ್ಟೆ. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ 1980ರ ದಶಕದಲ್ಲಿ ನ್ಯೂಸ್‌ಪ್ರಿಂಟ್ ತಯಾರಿಕೆಗೆ ಇಳಿದ ಮೇಲೂ ಕನ್ನಡ ಪತ್ರಿಕೆಗಳು ಬಹುಕಾಲ ಆರು, ಎಂಟು, ಹತ್ತು ಪುಟಗಳಲ್ಲಿಯೇ ಜೀವನ ಸಾಗಿಸಿದವು. ಇಡೀ ಪತ್ರಿಕೆಯೇ ಎಂಟು ಪುಟವಿದ್ದಾಗ, ಅದರ ಒಂದು ಪುಟದಲ್ಲಿ ಅಂದಕ್ಕಾಗಿ ಬಿಳಿ ಜಾಗ ಬಿಡುವುದು ದುಂದುಗಾರಿಕೆಯೇ ಆಗುತ್ತಿತ್ತು.

ಸುದ್ದಿಸಂಸ್ಥೆಗಳಾದ ಪಿಟಿಐ, ಯುಎನ್‌ಐಗಳ ಟೆಲಿಪ್ರಿಂಟರ್ ಇಡೀ ದಿನ ಇಂಗ್ಲಿಷಿನಲ್ಲಿ ಸುದ್ದಿ ಉಗುಳುತ್ತಿತ್ತು, ಅದನ್ನು ಹರಿದು ಹಂಚಿಕೊಂಡು ಉಪಸಂಪಾದಕರು ಕನ್ನಡಕ್ಕೆ ಇಳಿಸುತ್ತಿದ್ದರು. ದೂರದ ಊರುಗಳಿಗೆ ಹೋಗುವ ಪ್ರತಿಗಳು, ಅಂದರೆ ಡಾಕ್ ಆವೃತ್ತಿ, ರೈಲು ಬಸ್ಸುಗಳ ವೇಳೆಗೆ ಸರಿಯಾಗಿ ಸಂಜೆಯೇ ಅಚ್ಚಿಗೆ ಹೋಗಬೇಕಾಗಿತ್ತು. ನಗರ ಆವೃತ್ತಿಗೆ ನಡುರಾತ್ರಿಯವರೆಗೂ ಸಮಯ. ಹೀಗಾಗಿ ಒಂದೇ ಪತ್ರಿಕೆಯ ಒಂದೇ ದಿನದ ಮುಖಪುಟದಲ್ಲಿ ಬೀದರಿನ ಓದುಗ ಕಾಣುತ್ತಿದ್ದ ಲೀಡ್ ಸುದ್ದಿ ಮಲ್ಲೇಶ್ವರದ ಓದುಗನ ಪ್ರತಿಯಲ್ಲಿ ಎರಡನೆಯ ಸ್ಥಾನಕ್ಕೆ ಇಳಿದಿರುತ್ತಿತ್ತು. ತಡವಾಗಿ ಬಂದ ಸುದ್ದಿಗೆ ಜಾಗ ಮಾಡಲು ಇದ್ದ ಸುಲಭ ಉಪಾಯವೆಂದರೆ, ಆಗಲೇ ಕೂತಿದ್ದ ಸುದ್ದಿಗಳ ಬಾಲವನ್ನು ಕತ್ತರಿಸಿ ‘5ನೇ ಪುಟಕ್ಕೆ’ ಎಂದು ಬರೆದು ಒಳಗೆ ಕಳಿಸುವುದು. ಈ ಪದ್ಧತಿಯನ್ನು ಓದುಗರು ಮೆಚ್ಚಿದ್ದು ಎಂದೂ ಇಲ್ಲ. ಪತ್ರಿಕೆಯ ಹಾಳೆಗಳನ್ನು ಬಿಡಿಸಿ ನಾಲ್ಕು ಜನ ಹಂಚಿಕೊಂಡು ಓದುವ ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಸಾರ್ವಜನಿಕ ವಾಚನಾಲಯದಲ್ಲಿ ಮುಂದುವರಿದ ಭಾಗ ಯಾವಾಗಲೂ ಇನ್ನೊಬ್ಬರ ಕೈಯಲ್ಲಿರುತ್ತಿತ್ತು. ಆದರೂ ಅದರ ಹಿಂದೆ ಒಂದು ನ್ಯಾಯವಿತ್ತು: ಹತ್ತು ಮಂದಿಗೆ ಅರ್ಧರ್ಧ ಊಟ ಬಡಿಸಿದರೂ ಪಂಕ್ತಿಯಿಂದ ಯಾರನ್ನೂ ಎಬ್ಬಿಸಿ ಕಳಿಸುತ್ತಿರಲಿಲ್ಲ. ತಾಲ್ಲೂಕು ಕೇಂದ್ರದ ಬಿಡಿ ವರದಿಗಾರ ಅಂಚೆಯಲ್ಲಿಯೋ ಬಸ್ಸಿನ ಕಂಡಕ್ಟರ್ ಕೈಯಲ್ಲಿಯೋ ಕಳಿಸಿದ ಲಕೋಟೆಯ ಸುದ್ದಿ ನಾಲ್ಕು ಸಾಲಾಗಿಯಾದರೂ ಮುಖಪುಟದ ಮೂಲೆಯಲ್ಲಿ ಕಾಣಿಸುವ ಅವಕಾಶವಿತ್ತು.

ಮೊಳೆ ಹೋಗಿ ಫೋಟೊ ಟೈಪ್‌ಸೆಟ್ಟಿಂಗ್ ಬಂದಾಗ ಸುದ್ದಿ ಬ್ರೋಮೈಡ್ ಕಾಗದದ ಪಟ್ಟಿಗಳಾಗಿ ಹೊರಬಂತು. ಅದನ್ನು ಬ್ಲೇಡಿನಿಂದ ಕತ್ತರಿಸಿ ಹಾಳೆಗೆ ಅಂಟಿಸುವ ಪೇಸ್ಟಿಂಗ್ ವಿಭಾಗ ಹುಟ್ಟಿತು. ಚೊಕ್ಕ ಮುದ್ರಣಕ್ಕೆ ಹೆಸರಾದ ಮಣಿಪಾಲದ ಉದಯವಾಣಿ, ಪತ್ರಿಕೆಯ ಪುಟ ಹೇಗೆ ಕಾಣಬೇಕು ಎಂಬ ವಿಷಯದಲ್ಲಿ ಇತರರಿಗೂ ಆಸೆ ಹುಟ್ಟಿಸಿತ್ತು. ಆಮೇಲೆ ಕಂಪ್ಯೂಟರ್ ಪರದೆಯ ಮೇಲೆಯೇ ಪುಟ ಕಟ್ಟುವ ಕಾಲ ಬಂದಾಗ, ಅಕ್ಷರವನ್ನು ಕಾಲು ಪಾಯಿಂಟಿನಷ್ಟು ಕುಗ್ಗಿಸುವುದಕ್ಕೂ ಸಾಲನ್ನು ಕೂದಲೆಳೆಯಷ್ಟು ಮೇಲೆತ್ತುವುದಕ್ಕೂ ಒಂದು ಕೀಲಿ ಒತ್ತಿದರೆ ಸಾಕಾಯಿತು. ಲೋಹದ ಬಿಗುವು ತೊಲಗಿದ್ದರಿಂದ ಮುಖಪುಟದಲ್ಲಿ ಇನ್ನಷ್ಟು ಸುದ್ದಿ ಹಿಡಿಸಬೇಕಾಗಿತ್ತು, ಆದದ್ದು ತದ್ವಿರುದ್ಧ. ಚಿತ್ರಗಳು ಹಿಗ್ಗಿದವು, ಶೀರ್ಷಿಕೆಗಳು ದಪ್ಪಗಾದವು, ಸುದ್ದಿಗಳ ಸಂಖ್ಯೆ ಇಳಿಯುತ್ತ ಬಂತು. ಹಿಂದೆ ಚಿತ್ರವೊಂದನ್ನು ಹಾಕಬೇಕಾದರೆ ಸತುವಿನ ಬ್ಲಾಕ್ ಮಾಡಿಸಬೇಕಾಗಿದ್ದು, ಅದಕ್ಕೆ ಹಣವೂ ಸಮಯವೂ ಬೇಕಾಗುತ್ತಿದ್ದುದರಿಂದ, ಒಬ್ಬ ಮಂತ್ರಿಯ ಅಂಗೈಯಗಲದ ಮುಖದ ಬ್ಲಾಕು ವರ್ಷಗಟ್ಟಲೆ ದುಡಿಯುತ್ತಿತ್ತು. ಚಿತ್ರ ಪುಕ್ಕಟೆಯಾದಾಗ ಅಕ್ಷರ ಹಿಂದೆ ಸರಿಯಿತು.

1999ರಲ್ಲಿ ವಿಜಯ ಸಂಕೇಶ್ವರರು ಆರಂಭಿಸಿದ ವಿಜಯ ಕರ್ನಾಟಕ ಈ ಓಟಕ್ಕೆ ವೇಗ ಕೊಟ್ಟಿತು. ಕಡಿಮೆ ಬೆಲೆ, ಹಲವು ಊರುಗಳಲ್ಲಿ ಏಕಕಾಲಕ್ಕೆ ಮುದ್ರಣ, ಅಂಗಡಿಯ ಹಗ್ಗಕ್ಕೆ ನೇತುಬಿದ್ದಾಗಲೂ ಕಣ್ಸೆಳೆಯುವ ಶೀರ್ಷಿಕೆ ಇವು ಮುಖಪುಟದ ಕೆಲಸವನ್ನೇ ಬದಲಿಸಿದವು. ಮಡಚಿಟ್ಟ ಪತ್ರಿಕೆಯಲ್ಲಿ ಕಾಣುವ ಮೇಲರ್ಧಕ್ಕೆ ಇದ್ದ ಬೆಲೆ ಏರಿ, ಕೆಳಗಿನರ್ಧ ಹೊರಗಿನ ಪುಟವಾಗಿದ್ದೂ ಒಳಪುಟದ ಅಂತಸ್ತಿಗೆ ಇಳಿಯಿತು. ಮರುವರ್ಷ, 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ನಟ ರಾಜ್‌ಕುಮಾರ್ ಅವರ ಅಪಹರಣವಾಗಿ ನವೆಂಬರ್ 15ರಂದು ಬಿಡುಗಡೆಯಾಗುವವರೆಗಿನ 108 ದಿನ ಕನ್ನಡ ಪತ್ರಿಕೆಗಳ ಮುಖಪುಟ ಹೆಚ್ಚುಕಡಿಮೆ ಒಂದೇ ವಿಷಯಕ್ಕೆ ದುಡಿಯಿತು. ಹೊಸ ಸುದ್ದಿಯೇ ಇಲ್ಲದ ದಿನವೂ ಪುಟದ ತಲೆಯ ಭಾಗವನ್ನು ಅದಕ್ಕೇ ಕೊಡಬೇಕಾಗಿತ್ತು, ಏಕೆಂದರೆ ಓದುಗರು ಮೊದಲು ನೋಡುತ್ತಿದ್ದುದು ಅದನ್ನೇ. 2006ರಲ್ಲಿ ಟಿವಿ9 ಕನ್ನಡದಲ್ಲಿ ಇಡೀ ದಿನದ ಸುದ್ದಿ ಆರಂಭಿಸಿದ ಮೇಲೆ, ನಿನ್ನೆ ಏನಾಯಿತೆಂದು ತಿಳಿಸುವ ಹೊಣೆಯೂ ಪತ್ರಿಕೆಯ ಕೈತಪ್ಪಿತು. ಮುಖಪುಟ ಅರ್ಧ ಸುದ್ದಿ, ಅರ್ಧ ವ್ಯಾಖ್ಯಾನವಾಯಿತು. ಮುಂದುವರಿದ ಭಾಗದ ಬದಲು ಪಾಯಿಂಟರ್, ಅಂದರೆ ಒಳಗಿನ ಬರಹದ ಹೆಸರನ್ನು ಸಣ್ಣ ಚಿತ್ರದೊಂದಿಗೆ ಹೇಳಿ ಪುಟಸಂಖ್ಯೆ ಕೊಡುವ ಪಟ್ಟಿ, ರೂಢಿಗೆ ಬಂತು. ಸುದ್ದಿಯನ್ನು ನಡುವೆ ತುಂಡರಿಸುವುದಕ್ಕಿಂತ ಇದು ಮರ್ಯಾದೆಯ ದಾರಿ ಎಂಬುದನ್ನು ಒಪ್ಪಬೇಕು. ಆದರೆ ಪಾಯಿಂಟರಿನಲ್ಲಿ ಸುದ್ದಿ ಇರುವುದಿಲ್ಲ, ಸುದ್ದಿಯ ಆಸೆ ಇರುತ್ತದೆ. ಹಿಂದಿನ ನಾಲ್ಕು ಸಾಲಿನ ತುಣುಕು ಅಷ್ಟರಲ್ಲಿಯೇ ಯಾರು, ಎಲ್ಲಿ, ಏನು ಎಂಬುದನ್ನು ಹೇಳಿ ಮುಗಿಸುತ್ತಿತ್ತು.

ಇದೇ ಅವಧಿಯಲ್ಲಿ ಜಾಹೀರಾತು ಮೊದಲ ಪುಟಕ್ಕೆ ಹಿಂತಿರುಗಿತು. ಇಡೀ ಪತ್ರಿಕೆಗೆ ಹೊರಹೊದಿಕೆಯಾಗಿ ಸುತ್ತುವ ಪೂರ್ಣಪುಟ ಜಾಹೀರಾತಿಗೆ ಜಾಕೆಟ್ ಎಂದು ಹೆಸರು. ದಸರೆ, ದೀಪಾವಳಿಯ ದಿನಗಳಲ್ಲಿ ಒಡವೆ ಅಂಗಡಿ, ನಿವೇಶನ, ಮೊಬೈಲ್ ಫೋನುಗಳ ಜಾಕೆಟ್ಟುಗಳನ್ನು ಒಂದೊಂದಾಗಿ ಬಿಚ್ಚಿದ ಮೇಲೆಯೇ ಓದುಗನಿಗೆ ಮುಖಪುಟದ ದರ್ಶನ. ಜೊತೆಗೆ ಕಾಗದದ ದರ ಏರಿದಾಗಲೆಲ್ಲ ಪತ್ರಿಕೆಗಳು ಹಾಳೆಯ ಅಗಲವನ್ನೇ ಕಿರಿದಾಗಿಸಿದವು. ಹಿಂದೆ ಜಾಗದ ಲೆಕ್ಕ ಕಲ್ಲಿನ ಮುಂದೆ ಆಗುತ್ತಿತ್ತು. ಈಗ ಪುಟವಿನ್ಯಾಸಕನ ಪರದೆಯ ಮೇಲೆ ಜಾಹೀರಾತಿನ ಚೌಕಗಳು ಮೊದಲೇ ಬಂದು ಕೂತಿದ್ದು, ಉಳಿದ ಬಿಳಿಯ ಆಕಾರಕ್ಕೆ ಇಷ್ಟು ಪದ ಎಂದು ಲೆಕ್ಕ ಹಾಕಿಯೇ ವರದಿಗಾರನಿಗೆ ಹೇಳಲಾಗುತ್ತದೆ. ಸುದ್ದಿ ಬಂದ ಮೇಲೆ ಕತ್ತರಿಸುವ ಬದಲು ಬರೆಯುವ ಮೊದಲೇ ಕತ್ತರಿಸಿರುವುದರಿಂದ, ಏನು ಬಿಟ್ಟುಹೋಯಿತೆಂಬುದು ಕಚೇರಿಯಲ್ಲಿಯೂ ಯಾರಿಗೂ ತಿಳಿಯುವುದಿಲ್ಲ.

ಹಲವು ಊರುಗಳಲ್ಲಿ ಅಚ್ಚಾಗುವ ವ್ಯವಸ್ಥೆ ಜಿಲ್ಲೆಯ ಸುದ್ದಿಗೆ ಒಂದು ಬಗೆಯಲ್ಲಿ ನ್ಯಾಯ ಒದಗಿಸಿದೆ. ಕಲಬುರಗಿಯ ಆವೃತ್ತಿಗೆ ಅಲ್ಲಿಯದೇ ಪುಟಗಳಿವೆ, ಮಂಗಳೂರಿಗೆ ಅದರದೇ ಮುಖಪುಟ. ಇದರ ಇನ್ನೊಂದು ಮುಖವೆಂದರೆ, ಮಂಗಳೂರಿನ ಸುದ್ದಿ ಕಲಬುರಗಿಯವರ ಕಣ್ಣಿಗೆ ಬೀಳುವುದು ಅಪರೂಪವಾಗಿದೆ. ಒಂದೇ ಪುಟದ ಅಕ್ಕಪಕ್ಕದ ಕಾಲಮ್ಮುಗಳಲ್ಲಿ ತುಂಗಭದ್ರಾ ಕಾಲುವೆಯ ನೀರಿನ ತಕರಾರೂ ಕರಾವಳಿಯ ಮೀನುಗಾರರ ಮುಷ್ಕರವೂ ಜೊತೆಯಾಗಿ ಕೂರುತ್ತಿದ್ದ ಕಾಲ ಆವೃತ್ತಿಗಳ ನಡುವೆ ಹಂಚಿಹೋಗಿದೆ. ಗ್ರಂಥಾಲಯಗಳಲ್ಲಿ ಬೈಂಡಾಗಿ ಉಳಿಯುವುದು ಸಾಮಾನ್ಯವಾಗಿ ಆಯಾ ಊರಿಗೆ ಬಂದ ಆವೃತ್ತಿ ಮಾತ್ರ. ಇಂಥ ದಿನ ಇಂಥ ಪತ್ರಿಕೆಯ ಮುಖಪುಟದಲ್ಲಿ ಏನಿತ್ತು ಎಂದು ಹುಡುಕಿಕೊಂಡು ಬರುವ ಸಂಶೋಧಕನಿಗೆ ಪತ್ರಿಕೆಯ ಹೆಸರು, ತಾರೀಕುಗಳ ಜೊತೆಗೆ ಅದು ಯಾವ ಊರಿನಲ್ಲಿ ಅಚ್ಚಾದ ಪ್ರತಿ ಎಂಬುದನ್ನೂ ಈಗ ಮೊದಲು ಗುರುತು ಹಾಕಿಕೊಳ್ಳಬೇಕಾಗುತ್ತದೆ.