ಪದಗಳ ಪೂರ್ವಾಶ್ರಮ

ಸಂನ್ಯಾಸಿಯ ಪೂರ್ವಾಶ್ರಮವನ್ನು ಕೇಳಬಾರದೆಂಬುದು ಹಿರಿಯರು ಹಾಕಿಕೊಟ್ಟ ಮರ್ಯಾದೆ. ಪದಗಳ ವಿಷಯದಲ್ಲಿ ಈ ಮರ್ಯಾದೆಯನ್ನು ಮೀರಿದವರಿಗೆ ದೋಷವು ತಟ್ಟದು. ಅಷ್ಟಿಷ್ಟು ವಿನೋದವೂ, ಕೆಲವೊಮ್ಮೆ ನಾಚಿಕೆಯೂ ಲಭಿಸುವುವು.

ಆಂಗ್ಲರ ಮಾತಿನಲ್ಲಿ ‘ನೈಸ್’ ಎಂಬುದಕ್ಕಿಂತ ಅಗ್ಗವಾದ ಮೆಚ್ಚುಗೆಯು ಇನ್ನೊಂದಿಲ್ಲ. ಊಟವೂ ನೈಸ್, ಹವೆಯೂ ನೈಸ್, ನೆರೆಮನೆಯವನೂ ನೈಸ್. ಇದರ ಮೂಲವಾದರೋ ಲ್ಯಾಟಿನ್ನಿನ ‘ನೆಸ್ಕಿಯುಸ್’, ಎಂದರೆ ಅರಿಯದವನು. ಸುಮಾರು 1300ರಲ್ಲಿ ಫ್ರೆಂಚರಿಂದ ಇಂಗ್ಲೆಂಡಿಗೆ ಬಂದಾಗ ಅದಕ್ಕೆ ‘ಮೂರ್ಖ’ನೆಂದೇ ಅರ್ಥವಿದ್ದಿತು. ಬಳಿಕ ನಾಜೂಕು, ಸೂಕ್ಷ್ಮ ಎಂಬ ಮೆಟ್ಟಿಲುಗಳನ್ನೇರಿ, 18ನೆಯ ಶತಮಾನದಲ್ಲಿ ‘ಹಿತಕರ’ವೆಂಬ ಪೀಠದಲ್ಲಿ ಕುಳಿತಿತು. ಜೇನ್ ಆಸ್ಟೆನ್ ತನ್ನ ‘ನಾರ್ಥ್ಯಾಂಗರ್ ಅಬ್ಬೆ’ಯಲ್ಲಿ ಇದರ ದುಂದುಬಳಕೆಯನ್ನು ಒಂದು ಪಾತ್ರದಿಂದ ಹಾಸ್ಯಮಾಡಿಸಿರುವಳು, ಪದವು ಅದನ್ನು ಲೆಕ್ಕಿಸಲಿಲ್ಲ.

‘ಸಿಲ್ಲಿ’ಯ ಗತಿಯು ಇದಕ್ಕೆ ವಿಪರೀತ. ಪ್ರಾಚೀನ ಇಂಗ್ಲಿಷಿನಲ್ಲಿ ಅದು ‘ಧನ್ಯ’. ಧನ್ಯನು ನಿಷ್ಪಾಪಿ, ನಿಷ್ಪಾಪಿಯು ಪಾಪದವನು, ಪಾಪದವನು ದುರ್ಬಲ, ದುರ್ಬಲನು ಪೆದ್ದ! ಲೋಕವು ಸಾಧುವನ್ನು ಕಾಣುವ ಬಗೆಯೇ ಹೀಗೆ. ಕನ್ನಡಿಗರು ನಗುವ ಮುನ್ನ ತಮ್ಮ ‘ಮುಗ್ಧ’ನನ್ನು ನೆನೆಯಬೇಕು: ಸಂಸ್ಕೃತದಲ್ಲಿ ಅವನು ಮೋಹಗೊಂಡವನು, ತಿಳಿಗೇಡಿ, ಕನ್ನಡದಲ್ಲಿ ನಿಷ್ಕಪಟಿ. ಧರ್ಮಶಾಸ್ತ್ರದ ‘ಸಾಹಸ’ವು ಬಲಾತ್ಕಾರದ ಅಪರಾಧ, ಇಂದು ಸಾಹಸಿಗೆ ಹಾರಹಾಕುವರು. ಮೂಲಾರ್ಥವೇ ನಿಜಾರ್ಥವೆಂದು ಹಠಹಿಡಿಯುವ ಪಂಡಿತರ ಮಾತನ್ನು ಕೇಳಿದರೆ ಹಾರವನ್ನು ತೆಗೆದು ಕೋಳವನ್ನು ತೊಡಿಸಬೇಕಾದೀತು. ಹುಟ್ಟು ಪದಕ್ಕೆ ಕುಲವನ್ನು ಕೊಡಬಹುದು, ಶೀಲವನ್ನು ಕೊಡಲಾರದು.

ಅಕ್ಷರಗಳ ಕಳ್ಳತನವೂ ಉಂಟು. ‘ಏಪ್ರನ್’ ಹಿಂದೆ ‘ನೇಪ್ರನ್’ ಆಗಿದ್ದಿತು. ಮುಂದೆ ನಿಲ್ಲುವ ‘ಎ’ ಎಂಬ ಉಪಪದವು ಅದರ ನಕಾರವನ್ನು ಕಸಿದುಕೊಂಡು ತಾನು ‘ಆ್ಯನ್’ ಆಯಿತು. ದಾಯಾದಿಯಾದ ‘ನ್ಯಾಪ್ಕಿನ್’ ಮಾತ್ರ ತನ್ನ ಸೊತ್ತನ್ನು ಕಾಪಾಡಿಕೊಂಡಿದೆ. ಸಂಸ್ಕೃತದ ‘ನಾರಂಗ’ವು ಪಾರಸಿ, ಅರಬ್ಬಿಗಳ ದಾರಿಯಾಗಿ ಯೂರೋಪನ್ನು ಸೇರಿ, ಇಂಗ್ಲೆಂಡನ್ನು ಮುಟ್ಟುವ ಮೊದಲೇ ನಕಾರವನ್ನು ಕಳೆದುಕೊಂಡು ‘ಆರೆಂಜ್’ ಆಯಿತು. ಸ್ಪೇನಿನವರಲ್ಲಿ ಆ ನಕಾರವು ಇನ್ನೂ ಕ್ಷೇಮವಾಗಿದೆ.

ಕರಾವಳಿಗೆ ಬಂದ ಪೋರ್ಚುಗೀಸರು ಮಲೆಯಾಳದ ‘ಅಡಯ್ಕ’, ಕನ್ನಡದ ‘ಅಡಿಕೆ’ ಎಂಬ ಒಂದೇ ಬಳ್ಳಿಯ ಮಾತನ್ನು ಕೇಳಿ, ಡಕಾರವು ನಾಲಗೆಗೊಗ್ಗದೆ ‘ಅರೆಕ’ ಎಂದರು. ಆಂಗ್ಲರು ಅದನ್ನೇ ಎತ್ತಿಕೊಂಡರು. 1753ರಲ್ಲಿ ಲಿನ್ನೇಯಸನು ಅದನ್ನು ಸಸ್ಯಶಾಸ್ತ್ರದಲ್ಲಿ ಸ್ಥಿರಗೊಳಿಸಿದನು. ಮಲೆನಾಡಿನ ತೋಟಿಗನ ಮಗನು ಕಾಲೇಜಿನಲ್ಲಿ ‘ಅರೇಕಾ ಕ್ಯಾಟೆಚು’ ಎಂದು ಉರುಹೊಡೆಯುವಾಗ, ತನ್ನ ಮನೆಯಂಗಳದಲ್ಲಿ ಒಣಗುತ್ತಿರುವ ಅಡಿಕೆಯೇ ಏಳು ಸಮುದ್ರಗಳನ್ನು ಸುತ್ತಿ ಪರದೇಶಿಯ ವೇಷದಲ್ಲಿ ಮರಳಿದೆಯೆಂದು ಅವನಿಗೆ ಯಾರೂ ಹೇಳುವುದಿಲ್ಲ.