ಏರಿನಲ್ಲಿ ನಿಲ್ಲುವ ನೆಪಗಳು

ತೀರ್ಥಹಳ್ಳಿಯ ಆ ಮನೆಯಿಂದ ಪೇಟೆಯ ಗ್ರಂಥಾಲಯಕ್ಕೆ ಹೋಗಬೇಕಾದರೆ ಒಂದು ಏರು ಹತ್ತಬೇಕು. ಭಾರೀ ಏರೇನಲ್ಲ, ಶಾಲೆಯ ಮಕ್ಕಳು ಓಡಿಕೊಂಡೇ ಹತ್ತಿಬಿಡುತ್ತಾರೆ. ನಿವೃತ್ತರಾದ ಮೇಲೆ ಹನ್ನೆರಡು ವರ್ಷ ಮೇಷ್ಟ್ರೂ ಅದನ್ನು ಎಲ್ಲೂ ನಿಲ್ಲದೆ ಹತ್ತಿ, ಪತ್ರಿಕೆಗಳನ್ನೆಲ್ಲ ಓದಿ, ಇಳಿದು ಬಂದು ತಿಂಡಿಗೆ ಕೂರುತ್ತಿದ್ದರು. 2022ರ ಮಳೆಗಾಲದಲ್ಲಿ ಅವರು ನಡುವೆ ನಿಲ್ಲತೊಡಗಿದರು.

ಮೊದಲನೆಯ ನಿಲುಗಡೆ ಹಲಸಿನ ಮರದ ಕೆಳಗೆ. 'ಈ ಸಲ ಕಾಯಿ ಕಡಿಮೆ' ಎನ್ನುತ್ತ ಮರದ ಕಡೆ ಕತ್ತೆತ್ತಿ ನಿಲ್ಲುವರು. ಎರಡನೆಯದು ದಿನಸಿ ಅಂಗಡಿಯ ಎದುರು, ಅಂಗಡಿಯವನ ಮಗನ ಮಾರ್ಕ್ಸು ವಿಚಾರಿಸಲು. ಮೂರನೆಯ ಜಾಗದಲ್ಲಿ ಮರವೂ ಇರಲಿಲ್ಲ, ಮಾತಾಡಿಸುವ ಜನರೂ ಇರಲಿಲ್ಲ. ಅಲ್ಲಿ ಅವರ ಛತ್ರಿಯ ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು. ದಿನಾ ಅಲ್ಲಿಯೇ ಬಿಚ್ಚಿಕೊಳ್ಳುತ್ತಿತ್ತು.

ಇದನ್ನು ಕಂಡುಹಿಡಿದವಳು ಮೊಮ್ಮಗಳು. ದ್ವಿತೀಯ ಪಿಯುಸಿ ವಿಜ್ಞಾನ. ಕಾಲೇಜಿನ ದಾರಿಯೂ ಅದೇ ಆದ್ದರಿಂದ ಬೆಳಿಗ್ಗೆ ಅಜ್ಜನ ಜೊತೆಗೇ ಹೊರಡುತ್ತಿದ್ದಳು. ಮೊದಮೊದಲು ಅಜ್ಜನ ಹರಟೆಯಿಂದ ಕ್ಲಾಸಿಗೆ ತಡವಾಗುತ್ತದೆಂದು ಸಿಡುಕುತ್ತಿದ್ದಳು. ದಸರಾ ಕಳೆಯುವ ಹೊತ್ತಿಗೆ ಮೂರು ನಿಲುಗಡೆ ಐದಾಗಿತ್ತು. ಇಳಿಯುವಾಗ ಮಾತ್ರ ಅಜ್ಜನಿಗೆ ಹಲಸಿನ ಮರವೂ ಬೇಡ, ಅಂಗಡಿಯವನ ಮಗನೂ ಬೇಡ. ಇದು ಅವಳಿಗೆ ಸರಿಯೆನಿಸಲಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾರೀಖು ಹಾಕಿ ಬರೆದಿಡತೊಡಗಿದಳು. ವಿಜ್ಞಾನದ ಮೇಷ್ಟ್ರ ಮೊಮ್ಮಗಳಲ್ಲವೇ!

ಮನೆಯಲ್ಲಿ ಹೇಳಿದರೆ ಎಲ್ಲರದೂ ಒಂದೇ ಉತ್ತರ: 'ಎಪ್ಪತ್ತೆರಡಾಯಿತಲ್ಲ, ವಯಸ್ಸು.' ಈ ಒಂದು ಮಾತಿನ ಮರೆಯಲ್ಲಿ ಎಷ್ಟು ರೋಗಗಳು ಸುಖವಾಗಿ ಬೆಳೆಯುತ್ತವೋ! ಕಾಯಿಲೆಯವರು ಸುಳ್ಳು ಹೇಳಬೇಕೆಂದೂ ಇಲ್ಲ. ಹತ್ತಲು ಆಗದ ಏರಿಗೆ ಹೋಗುವುದನ್ನೇ ಬಿಡುತ್ತಾರೆ, ಎತ್ತಲು ಆಗದ ಕೊಡವನ್ನು ಇನ್ನೊಬ್ಬರಿಗೆ ಬಿಡುತ್ತಾರೆ. ಆಮೇಲೆ ಡಾಕ್ಟರು ಕೇಳಿದರೆ 'ಏನೂ ತೊಂದರೆಯಿಲ್ಲ' ಎನ್ನುತ್ತಾರೆ. ಅದು ನಿಜವೂ ಆಗಿರುತ್ತದೆ.

ಊರಿನ ಡಾಕ್ಟರು ಮೇಷ್ಟ್ರ ಹಳೆಯ ಶಿಷ್ಯರೇ. ನವೆಂಬರಿನಲ್ಲಿ ಮೊಮ್ಮಗಳು ತನ್ನ ಶೀತಕ್ಕೆ ಔಷಧಿ ಬೇಕೆಂದು ಅಜ್ಜನನ್ನು ಜೊತೆಗೆ ಕರೆದುಕೊಂಡು ಹೋಗಿ, ಅಲ್ಲಿ ತನ್ನ ನೋಟ್‌ಬುಕ್ಕನ್ನು ಬಿಚ್ಚಿಟ್ಟಳು. ಡಾಕ್ಟರು ಓದಿದರು. ಮೇಷ್ಟ್ರ ಅಂಗಿ ಬಿಚ್ಚಿಸಿ, ಎದೆಯ ಬಲಭಾಗದ ಮೇಲ್ಗಡೆ ಸ್ಟೆತಾಸ್ಕೋಪು ಇಟ್ಟು, ಬಹಳ ಹೊತ್ತು ಕೇಳಿದರು. ಆಮೇಲೆ ಕುತ್ತಿಗೆಯ ಎರಡೂ ಬದಿ ಇಟ್ಟು ಕೇಳಿದರು. ಕೊನೆಗೆ ಕೊಳವೆಯನ್ನು ಹುಡುಗಿಯ ಕಿವಿಗೇ ಕೊಟ್ಟರು. ಲಬ್-ಡಬ್ ಎಂದು ಪುಸ್ತಕದಲ್ಲಿ ಓದಿದ್ದಳು. ಇಲ್ಲಿ ಆ ಎರಡರ ನಡುವೆ, ಕಿರಿದಾದ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ, ಒರಟಾದ ಇನ್ನೊಂದು ಸದ್ದು ಇತ್ತು.

ಹೃದಯದ ಎಡ ಹೃತ್ಕುಕ್ಷಿಯಿಂದ ರಕ್ತವು ಮಹಾಪಧಮನಿಗೆ ಹೋಗುವ ಬಾಗಿಲಲ್ಲಿ ಮೂರು ಎಸಳಿನ ಕವಾಟವೊಂದಿದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಅದು ತೆರೆದು ಮುಚ್ಚುತ್ತದೆ. ದೊಡ್ಡವರಲ್ಲಿ ಪೂರ್ತಿ ತೆರೆದಾಗ ಅದರ ಬಾಯಿ ಮೂರರಿಂದ ನಾಲ್ಕು ಚದರ ಸೆಂಟಿಮೀಟರು. ವಯಸ್ಸಾದಂತೆ ಕೆಲವರಲ್ಲಿ ಆ ಎಸಳುಗಳಿಗೆ ಸುಣ್ಣ ಕಟ್ಟುತ್ತದೆ, ಬಾಗಿಲು ಪೂರ್ತಿ ತೆರೆಯುವುದಿಲ್ಲ. ಬಾಯಿ ಒಂದು ಚದರ ಸೆಂಟಿಮೀಟರಿಗಿಂತ ಚಿಕ್ಕದಾದರೆ ರೋಗ ತೀವ್ರವಾಗಿದೆ ಎಂದು ಲೆಕ್ಕ. ನೂರಕ್ಕೆ ಒಬ್ಬಿಬ್ಬರಿಗೆ ಹುಟ್ಟಿನಿಂದಲೇ ಮೂರರ ಬದಲು ಎರಡೇ ಎಸಳು ಇರುವುದುಂಟು. ಅವರಿಗೆ ಈ ತೊಂದರೆ ಇನ್ನೂ ಬೇಗ ಬರುತ್ತದೆ. ನಮ್ಮ ದೇಶದಲ್ಲಿ ಇನ್ನೊಂದು ದಾರಿಯೂ ಇದೆ. ಬಾಲ್ಯದಲ್ಲಿ ಗಂಟಲು ನೋವಿನ ಬೆನ್ನಿಗೆ ಬರುವ ಕೀಲುವಾತದ ಜ್ವರ ಕವಾಟಗಳನ್ನು ಹಾಳು ಮಾಡುತ್ತದೆ. ಗಂಟಲು ನೋವು ಬಂದ ಮಗು ಕೆಲವು ವಾರದಲ್ಲಿ ಮಂಡಿ, ಮೊಣಕೈ ಊದಿಕೊಂಡು ಜ್ವರದಿಂದ ಮಲಗಿದರೆ ತಾಯ್ತಂದೆಯರು ತಡಮಾಡಬಾರದು. ಪೆನಿಸಿಲಿನ್ ಇಂದಿಗೂ ಅಗ್ಗದ ಔಷಧಿಯೇ.

ಮೇಷ್ಟ್ರದು ವಯಸ್ಸಿನ ಸುಣ್ಣ. ಡಾಕ್ಟರು ಮಣಿಪಾಲಕ್ಕೆ ಬರೆದುಕೊಟ್ಟರು. ಆಗುಂಬೆ ಘಾಟಿ ಇಳಿಯುವ ಮಿನಿ ಬಸ್ಸಿನಲ್ಲಿ ಮಗ, ಮೇಷ್ಟ್ರು, ಅಜ್ಜಿ ಹೊರಟರು. ಟೆಸ್ಟ್ ಇದೆಯೆಂದರೂ ಕೇಳದೆ ಮೊಮ್ಮಗಳೂ ಹೊರಟಳು.

ಎಕೋ ಪರೀಕ್ಷೆಯ ಕಾಗದ ಕೈಗೆ ಬಂದಾಗ ಮೇಷ್ಟ್ರು ಕನ್ನಡಕ ಏರಿಸಿ ಅದನ್ನು ತಾವೇ ಓದಿದರು. ಕವಾಟದ ಬಾಯಲ್ಲಿ ರಕ್ತದ ವೇಗ ಸೆಕೆಂಡಿಗೆ 4.3 ಮೀಟರು. ಆರೋಗ್ಯವಂತರಲ್ಲಿ ಒಂದು ಮೀಟರಿನ ಆಸುಪಾಸು. ನಲ್ಲಿಯ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರು ಚಿಮ್ಮಿಸಿ ಬರ್ನೌಲಿಯ ನಿಯಮವನ್ನು ಮೂವತ್ತು ವರ್ಷ ಮಕ್ಕಳಿಗೆ ವಿವರಿಸಿದವರು ಅವರು. ಈಗ ಹೆಬ್ಬೆರಳು ತಮ್ಮದೇ ಎದೆಯೊಳಗಿದೆ. ಎಕೋ ಯಂತ್ರದ ಲೆಕ್ಕವೂ ಬರ್ನೌಲಿಯದೇ ಎಂದು ಗೊತ್ತಾದಾಗ ಅವರ ಮುಖದಲ್ಲಿ ಸಂತೋಷವೇ ಕಂಡಿತೆಂದು ಮಗ ಈಗಲೂ ಹೇಳುತ್ತಾನೆ. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಕವಾಟದ ಎರಡು ಬದಿಗಳ ಒತ್ತಡದ ವ್ಯತ್ಯಾಸ ಸಿಗುತ್ತದೆ, ಪಾದರಸದ ಮಿಲಿಮೀಟರುಗಳಲ್ಲಿ. 'ಮಾಡು' ಎಂದರು ಮೊಮ್ಮಗಳಿಗೆ. ಅವಳು ಕಾಗದದ ಅಂಚಿನಲ್ಲೇ ಮಾಡಿದಳು. ಎಪ್ಪತ್ತನಾಲ್ಕು ಬಂತು. ಮಾಡಿ ಮುಗಿಸಿದ ಮೇಲೆ ಅವಳಿಗೆ ಅಳು ಬಂತು.

ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಬಿ.ಪಿ. ಸರಿಯಾಗಿಯೇ ಇತ್ತು. ಅಷ್ಟನ್ನು ಹೊರಗೆ ತಲುಪಿಸಲು ಒಳಗಿನ ಮಾಂಸಖಂಡ ಅದಕ್ಕಿಂತ ಎಷ್ಟೋ ಹೆಚ್ಚು ಒತ್ತಡ ಹಾಕುತ್ತಿತ್ತು. ವರ್ಷಗಟ್ಟಲೆ ಹಾಗೆ ದುಡಿದ ಹೃದಯದ ಗೋಡೆ ದಪ್ಪವಾಗುತ್ತದೆ, ಕಡೆಗೆ ಸೋಲುತ್ತದೆ. ಎದೆನೋವು, ತಲೆಸುತ್ತಿ ಬೀಳುವುದು, ಏದುಸಿರು, ಇವು ಆ ಸೋಲಿನ ಗುರುತುಗಳು. ಕಾಣಿಸಿಕೊಂಡ ಮೇಲೆ ಕವಾಟ ಬದಲಿಸದಿದ್ದರೆ ಬಹುಪಾಲು ಜನರಿಗೆ ಉಳಿಯುವುದು ಕೆಲವೇ ವರ್ಷ. 1968ರಲ್ಲಿ ರಾಸ್ ಮತ್ತು ಬ್ರಾನ್‌ವಾಲ್ಡ್ ಎಂಬ ಅಮೆರಿಕದ ವೈದ್ಯರು ಇದನ್ನು ಬರೆದರು. ಸುಣ್ಣ ಕರಗಿಸುವ ಮಾತ್ರೆ ಇಂದಿನವರೆಗೂ ಇಲ್ಲ.

'ತಲೆ ಸುತ್ತಿದ್ದುಂಟೇ?' ಎಂದು ಹೃದ್ರೋಗದ ಡಾಕ್ಟರು ಕೇಳಿದರು. ಮೇಷ್ಟ್ರು ಸುಮ್ಮನಿದ್ದರು. 'ಯಾವಾಗಲಾದರೂ ಕೈ ಸೋತದ್ದು, ಮಾತು ತೊದಲಿದ್ದು?' ಆಗಲೂ ಸುಮ್ಮನಿದ್ದರು. ಬಾಗಿಲ ಬಳಿ ನಿಂತಿದ್ದ ಅಜ್ಜಿ ಹೇಳಿದರು: 'ಯುಗಾದಿ ಆಗಿ ಎಂಟು ದಿನಕ್ಕೆ ಕಾಫಿ ಲೋಟ ಕೈಯಿಂದ ಬಿತ್ತು. ನನ್ನ ಹೆಸರು ಹಿಡಿದು ಕರೆಯಲು ಹೋದರು, ಬರಲಿಲ್ಲ. ಕಾಲು ಗಂಟೆಯಲ್ಲಿ ಸರಿಯಾಯಿತು. ಯಾರಿಗೂ ಹೇಳಬೇಡ ಅಂದರು.'

ಯಾಕೆ ಹೇಳಬಾರದು? ಮಗುವಿಗೆ ಪಿಯುಸಿ ವರ್ಷ. ಮುಂದೆ ಸಿಇಟಿ. ಅವಳ ಓದಿಗೆಂದು ಬ್ಯಾಂಕಿನಲ್ಲಿಟ್ಟ ಠೇವಣಿ ಬೇರೆ ಇತ್ತು. ಆಸ್ಪತ್ರೆಗೆ ಕಾಲಿಟ್ಟರೆ ಅದು ಉಳಿಯುವುದಿಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತು. ಪರೀಕ್ಷೆ ಮುಗಿಯುವ ತನಕ ಹೇಗಾದರೂ ತಳ್ಳಬಹುದೆಂದು ಅವರ ಲೆಕ್ಕ.

ಆ ಕಾಲು ಗಂಟೆಗೆ ಜನ ಗಾಳಿ ಬಡಿಯಿತು ಎನ್ನುತ್ತಾರೆ, ದೃಷ್ಟಿ ಎನ್ನುತ್ತಾರೆ, ಉಪ್ಪು ನಿವಾಳಿಸುತ್ತಾರೆ. ನಿಜವಾಗಿ ಅದು ಪಾರ್ಶ್ವವಾಯುವಿನ ಮುನ್ಸೂಚನೆ. ಕುತ್ತಿಗೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಶಿರೋಧಮನಿಗಳ ಒಳಗೋಡೆಯಲ್ಲೂ ಕೊಬ್ಬು, ಸುಣ್ಣ ಸೇರಿ ಕಟ್ಟುತ್ತವೆ. ಅಲ್ಲಿಂದ ಒಂದು ಚೂರು ಕಿತ್ತು ಹೋಗಿ ಮಿದುಳಿನ ಸಣ್ಣ ನಾಳದಲ್ಲಿ ಸಿಕ್ಕಿಕೊಂಡರೆ ಆ ಭಾಗ ಕೆಲಸ ನಿಲ್ಲಿಸುತ್ತದೆ. ಚೂರು ತಾನಾಗಿ ಕರಗಿದರೆ ಅದೃಷ್ಟ. ಆದರೆ ದೊಡ್ಡ ಹೊಡೆತದ ಭಯ ಅತಿ ಹೆಚ್ಚಿರುವುದು ಅದರ ಮುಂದಿನ ಕೆಲವೇ ದಿನಗಳಲ್ಲಿ. ಮೇಷ್ಟ್ರ ಎಡ ಶಿರೋಧಮನಿ ಅರ್ಧದಷ್ಟು ಕಟ್ಟಿತ್ತು. ಕವಾಟದ ಸದ್ದೂ ಕುತ್ತಿಗೆಯವರೆಗೆ ಹರಿಯುವುದರಿಂದ ಕೊಳವೆಯಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ, ಸ್ಕ್ಯಾನ್ ಮಾಡಿಯೇ ನೋಡಬೇಕು. 'ಯುಗಾದಿಯಲ್ಲೇ ಬಂದಿದ್ದರೆ ಬೇರೆ ಮಾತಿತ್ತು. ಧಮನಿ ತೆರೆದು ಶುಚಿ ಮಾಡುವುದಿದ್ದರೆ ಆಗ ಮಾಡಬೇಕಿತ್ತು. ಈಗ ಮಾತ್ರೆ ಕೊಟ್ಟು ನೋಡಿಕೊಳ್ಳೋಣ' ಎಂದರು ಡಾಕ್ಟರು.

ಮುಖ ಒಂದು ಕಡೆ ವಾಲಿದರೆ, ಒಂದು ಕೈ ಮೇಲೆತ್ತಲು ಆಗದಿದ್ದರೆ, ಮಾತು ತೊದಲಿದರೆ ಕಾಯಬಾರದು. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೋಗಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯೊಳಗೆ ತಲುಪಿರಬೇಕು. ಆ ಚುಚ್ಚುಮದ್ದು ಎಲ್ಲರಿಗೂ ಸಲ್ಲುವುದಿಲ್ಲ. ಒಳಗೆ ರಕ್ತ ಸೋರಿದೆಯೇ ಎಂದು ಸ್ಕ್ಯಾನ್ ನೋಡದೆ ಕೊಡುವಂತೆಯೂ ಇಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರು. ಮಲೆನಾಡಿನ ಒಂಟಿ ಮನೆಗಳಿಂದ ಮುಖ್ಯ ರಸ್ತೆಗೆ ಬರಲೇ ಒಂದು ಗಂಟೆ ಬೇಕು. ಗಡಿಯಾರದಲ್ಲಿ ಉಪ್ಪು ನಿವಾಳಿಸಲು ಸಮಯವಿಲ್ಲ.

ಮನೆಗೆ ಬಂದ ಮೇಲೆ ಅಜ್ಜಿ ಮೊದಲು ಮಾಡಿದ ಕೆಲಸ, ಎಲೆಅಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿಯನ್ನು ತೆಗೆದು ಅಟ್ಟಕ್ಕೆ ಎಸೆದದ್ದು. ಹಾಲು ಅರ್ಧ ಲೋಟಕ್ಕಿಳಿಯಿತು, ರಾಗಿ ನಿಂತಿತು. ಪಾಪ, ಅವರ ತರ್ಕದಲ್ಲಿ ತಪ್ಪಿಲ್ಲ. ಆದರೆ ಕವಾಟಕ್ಕೆ ಕಟ್ಟುವ ಸುಣ್ಣ ಬಾಯಿಂದ ಹೋದದ್ದಲ್ಲ. ಎಸಳಿನ ಜೀವಕೋಶಗಳೇ ದಾರಿತಪ್ಪಿ, ಮೂಳೆ ಕಟ್ಟುವ ಕೆಲಸವನ್ನು ಇಲ್ಲಿ ಶುರುಮಾಡುತ್ತವೆ. ಊರಿನ ಡಾಕ್ಟರು ನಕ್ಕು ಹಾಲು, ರಾಗಿ ಎರಡನ್ನೂ ವಾಪಸು ಕೊಡಿಸಿದರು. ಎಲೆಅಡಿಕೆಯನ್ನು ಮಾತ್ರ ಕೊಡಿಸಲಿಲ್ಲ. ಅಡಿಕೆಯಿಂದಾಗುವ ಕೇಡು ಬೇರೆಯೇ ಇದೆ, ಅಡಿಕೆ ಸೀಮೆಯಲ್ಲಿ ಅದನ್ನು ಮೆಲ್ಲಗೆ ಹೇಳಬೇಕು.

ಮೇಷ್ಟ್ರು ಪಟ್ಟು ಹಿಡಿದರು. ಆಪರೇಷನ್ ಏಪ್ರಿಲಿಗೆ, ಪರೀಕ್ಷೆ ಮುಗಿದ ಮೇಲೆ. ಮಗ ಗೊಂದಲದಲ್ಲಿದ್ದ. ಒಂದು ರಾತ್ರಿ ಊಟದ ಹೊತ್ತಿಗೆ ಮೊಮ್ಮಗಳು ಹೇಳಿದಳು: 'ಅಜ್ಜಾ, ಪರೀಕ್ಷೆ ತಪ್ಪಿದರೆ ಇನ್ನೊಂದು ಸಲ ಬರೆಯುತ್ತೇನೆ. ನಿನ್ನ ಕವಾಟಕ್ಕೆ ಸಪ್ಲಿಮೆಂಟರಿ ಎಲ್ಲಿದೆ?' ಮೇಷ್ಟ್ರು ಕೈ ತೊಳೆದು ಎದ್ದರು. ಬೆಳಿಗ್ಗೆ ಬ್ಯಾಂಕಿನ ಪಾಸ್‌ಬುಕ್ಕು ಮಗನ ಮೇಜಿನ ಮೇಲಿತ್ತು.

ಈಗ ಎದೆ ಸೀಳದೆಯೇ ತೊಡೆಯ ನಾಳದಿಂದ ಕವಾಟ ತೂರಿಸಿ ಕೂರಿಸುವುದುಂಟು. ಫ್ರಾನ್ಸಿನ ರೂಆನ್ ಪಟ್ಟಣದಲ್ಲಿ 2002ರ ಏಪ್ರಿಲಿನಲ್ಲಿ ಅಲೇನ್ ಕ್ರಿಬಿಯೇ ಎಂಬ ವೈದ್ಯರು ಮೊದಲ ಸಲ ಅದನ್ನು ಮಾಡಿದರು. ಆದರೆ ಕವಾಟದ ಬೆಲೆಯೇ ಹಲವು ಲಕ್ಷ. ಮೇಷ್ಟ್ರ ಶರೀರ ಶಸ್ತ್ರಚಿಕಿತ್ಸೆಯನ್ನು ತಾಳಬಲ್ಲದೆಂದು ತಿಳಿದ ಮೇಲೆ ಎದೆ ತೆರೆದೇ ಮಾಡುವುದೆಂದಾಯಿತು. ಲೋಹದ ಕವಾಟ ಹೆಚ್ಚು ಬಾಳುತ್ತದೆ. ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಆ ಬಗೆಯ ಕವಾಟವನ್ನು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ನಮ್ಮ ದೇಶದಲ್ಲೇ ತಯಾರಿಸಿದರು. ಮೂರು ಮಾದರಿಗಳು ಸೋತ ಮೇಲೆ ನಾಲ್ಕನೆಯದು ಗೆದ್ದು 1990ರ ಡಿಸೆಂಬರಿನಲ್ಲಿ ರೋಗಿಯೊಬ್ಬರ ಎದೆ ಸೇರಿತು. ಅವರೇ ಆಮೇಲೆ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದು, 2024ರಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಮೇಷ್ಟ್ರ ವಯಸ್ಸಿಗೆ ಡಾಕ್ಟರು ಹೇಳಿದ್ದು ಅಂಗಾಂಶದ ಕವಾಟ. ಅದು ಹಸುವಿನ ಹೃದಯದ ಪೊರೆಯಿಂದ ಮಾಡಿದ್ದು. ಅಜ್ಜಿಗೆ ಹೇಳುವುದೇ ಬೇಡವೆಂದು ಮಗ ಎಲ್ಲರಿಗೂ ತಾಕೀತು ಮಾಡಿದ. ಅವರಿಗೆ ಅದು ಮೊದಲೇ ಗೊತ್ತಾಗಿತ್ತು. 'ಇಷ್ಟು ವರ್ಷ ಅದರ ಹಾಲು ಕುಡಿದದ್ದು ಯಾರು? ಇದೂ ಅದರದೇ ಋಣ' ಎಂದರು.

2023ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಸುಣ್ಣ ತುಂಬಿದ ಕವಾಟವನ್ನು ಕತ್ತರಿಸಿ ತೆಗೆಯುವಾಗಲೂ ಚೂರು ಸಿಡಿದು ಮಿದುಳಿಗೆ ಹೋಗುವ ಅಪಾಯ ಇದ್ದೇ ಇದೆ. ಡಾಕ್ಟರು ಅದನ್ನು ಮುಚ್ಚಿಟ್ಟಿರಲಿಲ್ಲ. ಆದ್ದರಿಂದಲೇ ಮೂರನೆಯ ದಿನ ಮೇಷ್ಟ್ರು ಮಗನನ್ನು ಹೆಡ್‌ಮಾಸ್ಟರೆಂದು ತಿಳಿದು ರಜೆ ಕೇಳಿದಾಗ ಮನೆಯವರ ಎದೆ ಒಡೆಯಿತು. ಮಗ ವಾರ್ಡಿನ ಹೊರಗೆ ನೆಲದ ಮೇಲೇ ಕೂತುಬಿಟ್ಟ. ತಲೆಯ ಸ್ಕ್ಯಾನ್ ಮಾಡಿದರು, ಏನೂ ಇರಲಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ವಯಸ್ಸಾದವರಿಗೆ ಹೀಗೆ ಕೆಲವು ದಿನ ಬುದ್ಧಿ ಮಸುಕಾಗುವುದುಂಟಂತೆ. ಐದನೆಯ ದಿನ ಕಣ್ಣು ಬಿಟ್ಟು ಅಜ್ಜಿಯನ್ನು ಹೆಸರು ಹಿಡಿದು ಕರೆದರು. ಅಜ್ಜಿ ಅದಕ್ಕೆ ಉತ್ತರ ಕೊಡದೆ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ನಿಂತಿದ್ದರು.

ಮೊಮ್ಮಗಳು ಮಾರ್ಚಿನಲ್ಲಿ ಪಿಯುಸಿ ಪರೀಕ್ಷೆ ಬರೆದು ಪಾಸಾದಳು. ಸಿಇಟಿಯಲ್ಲಿ ಬಯಸಿದ ರ‍್ಯಾಂಕು ಬರಲಿಲ್ಲ. ಶಿವಮೊಗ್ಗದಲ್ಲಿ ಬಿ.ಎಸ್ಸಿ.ಗೆ ಸೇರಿದಳು, ಭೌತಶಾಸ್ತ್ರ ತೆಗೆದುಕೊಂಡಳು. ಇದರ ಬಗ್ಗೆ ಮನೆಯಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಮೇಷ್ಟ್ರು ಮಾತ್ರ ಒಮ್ಮೊಮ್ಮೆ ಆಡುತ್ತಾರೆ, ಅವಳು ಇಲ್ಲದಾಗ.

ಆ ವರ್ಷದ ಮಳೆಗಾಲದ ಒಂದು ಭಾನುವಾರ ಅವಳು ಊರಿಗೆ ಬಂದಾಗ ಇಬ್ಬರೂ ಗ್ರಂಥಾಲಯಕ್ಕೆ ಹೊರಟರು. ಹಲಸಿನ ಮರ ದಾಟಿತು, ಅಂಗಡಿ ದಾಟಿತು. ಏರಿನ ಮೂರನೆಯ ಜಾಗದಲ್ಲಿ ಮೇಷ್ಟ್ರು ನಿಂತರು. ಅವಳು ಥಟ್ಟನೆ ಅವರ ಮುಖ ನೋಡಿದಳು, ಆಮೇಲೆ ಕೈಗಡಿಯಾರ ನೋಡಿದಳು.

'ಇಲ್ಲ ಮಾರಾಯ್ತಿ' ಎಂದರು ಮೇಷ್ಟ್ರು, 'ನಿಜವಾಗಿಯೂ ಛತ್ರಿಯೇ.'

ಪಟ್ಟಿ ಬಿಚ್ಚಿಕೊಂಡಿತ್ತು.