ಅವ್ವನೊಡನೆ ಘಾರಾಪುರಿಗೆ

ಡೊಂಬಿವಲಿಗೆ ಬಂದು ಇಪ್ಪತ್ತೆರಡು ವರ್ಷಗಳಾದರೂ ನಾವು ಘಾರಾಪುರಿಯನ್ನು ನೋಡಿರಲಿಲ್ಲವೆಂದರೆ ವಾಚಕರು ನಗಬಹುದು. ನಿತ್ಯವೂ ಲೋಕಲ್ ಗಾಡಿ ಹತ್ತುವುದೇ ಒಂದು ಸಾಹಸವಾಗಿರುವಾಗ, ರಜೆಯ ದಿನವೂ ಅದನ್ನೇ ಹತ್ತುವ ಉಮೇದು ಯಾರಿಗಿದ್ದೀತು? ಕಳೆದ ಫೆಬ್ರವರಿಯಲ್ಲಿ ಮಕ್ಕಳ ಹಟಕ್ಕೆ ಸೋತು ಹೊರಟೆವು.

ಅವ್ವ ಮಾತ್ರ ಒಲ್ಲೆನೆಂದಳು. 2024ರ ಡಿಸೆಂಬರ್ 18ರಂದು ಇದೇ ಜಲಮಾರ್ಗದಲ್ಲಿ ನಡೆದ ದೋಣಿ ಅಪಘಾತ ಅವಳ ಮನಸ್ಸಿನಿಂದ ಹೋಗಿರಲಿಲ್ಲ. “ನೀವು ಹೋಗಿ ಬರ್ರಿ, ನಾ ಮನಿ ಕಾಯ್ತೀನಿ” ಎಂದಳು. ನಮಗೂ ಒಳಗೊಳಗೇ ಅಳುಕಿತ್ತು; ಬಾಯಿ ಬಿಡಲಿಲ್ಲ. ಮಗಳು, ಅಜ್ಜಿ ಬರದಿದ್ದರೆ ತಾನೂ ಬರುವುದಿಲ್ಲವೆಂದು ಬಾಗಿಲಲ್ಲೇ ಕುಳಿತುಬಿಟ್ಟಳು. ಅವ್ವ ಎದ್ದು ಸೀರೆ ಬದಲಾಯಿಸಿದಳು.

ಗೇಟ್‌ವೇಯಿಂದ ಒಂದು ತಾಸಿನ ಪಯಣ. ಇಳಕಲ್ಲ ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಅವ್ವ ಮೊಮ್ಮಗಳ ಮುಂಗೈ ಹಿಡಿದು ಕಣ್ಣು ಮುಚ್ಚಿದವಳು, ದಡ ಮುಟ್ಟುವವರೆಗೂ ತೆರೆಯಲಿಲ್ಲ.

ಗುಹೆಗಳ ವರ್ಣನೆಯನ್ನು ಬಲ್ಲವರು ಬರೆದಿದ್ದಾರೆ. ಮೂರು ಮುಖದ ಸದಾಶಿವನೆದುರು ಅವ್ವ ಬಹಳ ಹೊತ್ತು ಕೈಮುಗಿದು ನಿಂತಿದ್ದಳೆಂದಷ್ಟೇ ಹೇಳುತ್ತೇವೆ. ಆ ಹೊತ್ತಿನಲ್ಲೇ ನಮ್ಮ ರೊಟ್ಟಿಯ ಗಂಟು ಮಂಗನ ಪಾಲಾಯಿತು.

ತೋಪುಗಳಿರುವ ಗುಡ್ಡಕ್ಕೆ ಅವ್ವ ಬಾರದಿದ್ದರೂ ಸರಿಯೆಂದೆವು. “ಐಹೊಳಿ ಮೇಗುಟಿ ಹತ್ತಿದಾಕಿಗೆ ಇದೇನೋ ಹೆಚ್ಚು?” ಎಂದು ಅವಳೇ ಮುಂದಾದಳು. ಬಿಸಿಲು, ಕಲ್ಲುಹಾದಿ, ಬರಿಹೊಟ್ಟೆ. ಎರಡು ಕಡೆ ಕುಳಿತು, ಒಂದು ಕಡೆ ನಮ್ಮ ಹೆಗಲು ಹಿಡಿದು, ಅಂತೂ ಮೇಲೆ ಬಂದಳು. ತುಕ್ಕು ಹಿಡಿದ ತೋಪಿನ ಆಚೆ ನ್ಹಾವಾ ಶೇವಾ ಬಂದರಿನ ಕ್ರೇನುಗಳು. ಉತ್ತರಕ್ಕೆ 2024ರಲ್ಲಿ ತೆರೆದ ಅಟಲ್ ಸೇತು, ನೀರಿನ ಮೇಲೆ ಎಳೆದ ಗೆರೆಯಂತೆ.

ಮೇಗುಟಿಯ ಮಾತು ಬಂದದ್ದರಿಂದ ಮಕ್ಕಳಿಗೆ ಅಲ್ಲಿಯ ಶಾಸನದ ಕಥೆ ಹೇಳಿದೆವು. ಕ್ರಿ.ಶ. 634ರ ಆ ಶಾಸನದಲ್ಲಿ ಕವಿ ರವಿಕೀರ್ತಿ, ಇಮ್ಮಡಿ ಪುಲಿಕೇಶಿ ನೂರಾರು ಹಡಗುಗಳೊಡನೆ ಪಡುಗಡಲ ಪುರಿಯನ್ನು ಮುತ್ತಿದನೆಂದು ಹೇಳಿದ್ದಾನೆ. ಆ ಪುರಿ ಈ ದ್ವೀಪವೇ ಎಂದು ಕೆಲವು ವಿದ್ವಾಂಸರ ಮತ.

“ಹಾಗಾದರೆ ನಮ್ಮೂರ ಕಡೆಯವರು ಮೊದಲೇ ಇಲ್ಲಿಗೆ ಬಂದಿದ್ದರಾ ಅಜ್ಜಿ?” ಎಂದಳು ಮಗಳು.

“ಅವರು ಯುದ್ಧಕ್ಕ ಬಂದಿದ್ದರವ್ವಾ. ನಾವು ಹೊಟ್ಟಿಗೆ ಬಂದೇವಿ.”

ನಮಗೆ ಮಾತು ಹೊರಡಲಿಲ್ಲ. ಕೊನೆಯ ದೋಣಿಯ ನೆನಪಾಗಿ ಎಲ್ಲರನ್ನೂ ಎಬ್ಬಿಸಿದೆವು.

ಮರಳುವಾಗ ಮಕ್ಕಳು ನಮ್ಮ ತೊಡೆಯ ಮೇಲೆ ನಿದ್ದೆ ಹೋದವು. ಅವ್ವ ಕಟಕಟೆಯ ಬದಿಯಲ್ಲೇ ಜಾಗ ಹಿಡಿದು, ಹಡಗುಗಳನ್ನು ಒಂದೊಂದಾಗಿ ಎಣಿಸುತ್ತ ಬಂದಳು.